ರೆಬಿ ಅಜ್ಜಿಯನ್ನು ಕಳಿಸಿಕೊಟ್ಟದ್ದು

ಕಾಲಿಜಾಂಬೆ ಕೇರಿಯಲ್ಲಿ ಸೋಯಾಕಾಳು ಹುದುಗಿಸಿ ತೆಂಪೆ ಎಂಬ ತಿನಿಸು ಮಾಡಿ ಮಾರುವ ಸಗಿಯೊಗೆ ಸರ್ಕಾರದವರು ಒಂದು ಅಂಗಿ ಕೊಟ್ಟರು. ಅಂಗಿಯ ಮೇಲೆ ಹಾಕಿಕೊಳ್ಳುವ, ತೋಳಿಲ್ಲದ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ. ಬೆನ್ನಿನ ಮೇಲೆ 'ಸಮಾಜ ಸಹಾಯಕ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಸಗಿಯೊನ ಬೆನ್ನು ಅಷ್ಟು ಅಗಲವಿಲ್ಲದ್ದರಿಂದ ಮೊದಲಕ್ಷರ ಒಂದು ಪಕ್ಕೆಗೂ ಕೊನೆಯಕ್ಷರ ಇನ್ನೊಂದು ಪಕ್ಕೆಗೂ ತಿರುಗಿಕೊಂಡು, ಹಿಂದಿನಿಂದ ನೋಡುವವರಿಗೆ 'ಮಾಜ ಸಹಾಯ' ಅಂತಷ್ಟೇ ಕಾಣುತ್ತಿತ್ತು.

"ನಿಮ್ಮ ಕೆಲಸ ಸುಲಭ, ಪಾಕ್," ಎಂದಿದ್ದಳು ಸಮಾಜ ಕಲ್ಯಾಣ ಕಚೇರಿಯ ಬು ನಸ್ತಿತಿ. ಅಲ್ಲಿ ಗಂಡಸರಿಗೆ ಗೌರವದ ಮಾತು 'ಪಾಕ್', ಹೆಂಗಸರಿಗೆ 'ಬು'. "ಕಷ್ಟದಲ್ಲಿರೋರು ಈ ಕಡೆ. ಸಹಾಯ ಮಾಡೋ ನಾವು ಆ ಕಡೆ. ನೀವು ನಡುವೆ ಸೇತುವೆ ಇದ್ದ ಹಾಗೆ."

ಸೇತುವೆ ಎಂದದ್ದೇ ಸಗಿಯೊ ಒಂದು ಹೆಜ್ಜೆ ಹಿಂದೆ ಸರಿದ. ಕೇರಿಯ ಕೆಳಗಿನ ಹೊಳೆಗೆ ಹಾಕಿದ ಬಿದಿರು ಸೇತುವೆಯನ್ನು ಅವನು ಇಂದಿಗೂ ಅಂಬೆಗಾಲಿಟ್ಟು ದಾಟುತ್ತಿದ್ದ. ಅವನು ಹೆದರದ ವಸ್ತು ಕೇರಿಯಲ್ಲಿ ಯಾವುದೂ ಇರಲಿಲ್ಲ. ಬಾತುಕೋಳಿಗೆ ಹೆದರುತ್ತಿದ್ದ, ಗುಡುಗಿಗೆ ಹೆದರುತ್ತಿದ್ದ, ಬಾಳೆತೋಟದಲ್ಲಿ ಹೆಣದ ಬಿಳಿ ಬಟ್ಟೆ ಸುತ್ತಿಕೊಂಡು ಕುಪ್ಪಳಿಸುವ ದೆವ್ವಕ್ಕೆ ಹೆದರುತ್ತಿದ್ದ. ಇವೆಲ್ಲವನ್ನೂ ಒಟ್ಟು ಸೇರಿಸಿದರೆ ಎಷ್ಟಾಗುತ್ತದೋ ಅಷ್ಟು ಹೆಂಡತಿ ತುಮಿನಿಗೆ ಹೆದರುತ್ತಿದ್ದ. ಅಂಗಿ ಹಾಕಿಕೊಂಡರೆ ಜನ ತನಗೆ ಒಂದಿಷ್ಟು ಹೆದರಿಯಾರೆಂಬ ಆಸೆಯಿಂದಲೇ ಅವನು ಈ ಕೆಲಸಕ್ಕೆ ಒಪ್ಪಿದ್ದು.

ಆ ಆಸೆ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಈಡೇರಿತು. ಕೆಲವು ವರ್ಷಗಳ ಹಿಂದೆ ಹೊಳೆದಂಡೆಯ ಗುಡಿಸಲುಗಳನ್ನು ಕೆಡವಲು ಬಂದವರೂ ಇಂಥದೇ ಕಿತ್ತಳೆ ಅಂಗಿ ಹಾಕಿಕೊಂಡಿದ್ದರು. ಒಂಟಿ ಮುದುಕ ಕರ್ತೊ ಅಜ್ಜನನ್ನು "ನಾಲ್ಕು ದಿನ ಇದ್ದು ಬನ್ನಿ" ಎಂದು ವೃದ್ಧಾಶ್ರಮಕ್ಕೆ ಕರೆದೊಯ್ದವರದೂ ಅದೇ ಬಣ್ಣ. ಕರ್ತೊ ಅಜ್ಜ ವಾಪಸು ಬಂದದ್ದು ನಾಲ್ಕು ಜನರ ಹೆಗಲ ಮೇಲೆ. ಹೀಗಾಗಿ ಸಗಿಯೊ ಓಣಿಗೆ ಕಾಲಿಟ್ಟನೆಂದರೆ ಬಾಗಿಲುಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು. ತೆಂಪೆ ಕೊಳ್ಳುವವರು ಕೂಡ ಕಿಟಕಿಯಿಂದ ಕೈ ಚಾಚಿ ಕೊಳ್ಳತೊಡಗಿದರು. ಹೆದರಿದ ಜನರನ್ನು ನೋಡಿ ಸಗಿಯೊಗೂ ಹೆದರಿಕೆಯಾಗುತ್ತಿತ್ತು.

ಎಲ್ಲಕ್ಕಿಂತ ಗಟ್ಟಿಯಾಗಿ ಮುಚ್ಚಿದ್ದು ರೆಬಿ ಅಜ್ಜಿಯ ಬಾಗಿಲು. ಕೇರಿಯ ಕೊನೆಯಲ್ಲಿ ಬಿದಿರು ತಟ್ಟಿಯ ಮನೆಯಲ್ಲಿ ಒಬ್ಬಳೇ ಇದ್ದ ಈಕೆ ಒಂದು ಕಾಲದಲ್ಲಿ ಊರಿನ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀವಿದವಳು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ತಿಂಗಳು ಎಣ್ಣೆ ಎಂದುಕೊಂಡು ಸೀಮೆಎಣ್ಣೆಯನ್ನು ಬಾಣಲೆಗೆ ಸುರಿದು, ಸೆರಗಿಗೆ ಬೆಂಕಿ ಹತ್ತಿ, ಅದು ಹೇಗೋ ಬದುಕಿಕೊಂಡಿದ್ದಳು. ಬುಧವಾರ ಪಟ್ಟಣದ ಆಸ್ಪತ್ರೆಯಿಂದ ಬಿಳಿ ಗಾಡಿ ಬರುವುದಿತ್ತು. ಅದು ಈ ವರ್ಷದ ಕೊನೆಯ ಗಾಡಿ. ಪೊರೆ ತೆಗೆಸುವುದಕ್ಕೆ ಖರ್ಚಿಲ್ಲ. ತಪ್ಪಿದರೆ ಅಜ್ಜಿಯ ಕಣ್ಣು ಪೂರ್ತಿ ಕತ್ತಲೆಯಾಗುತ್ತದೆಂದು ಡಾಕ್ಟರು ಹೇಳಿಬಿಟ್ಟಿದ್ದರು.

ಸೋಮವಾರ ಸಗಿಯೊ ಧೈರ್ಯ ಮಾಡಿ ಅವಳ ಬಾಗಿಲು ತಟ್ಟಿದ.

ಬಾಗಿಲು ಒಂದು ಗೇಣಿನಷ್ಟು ತೆರೆಯಿತು. ಒಳಗಿನಿಂದ ಅಜ್ಜಿ ಕಿರುಚಿದಳು. "ಬೆಂಕಿ! ಅಯ್ಯೋ, ಬಾಗಿಲಲ್ಲೇ ಬೆಂಕಿ!"

ಒಂದು ಚೊಂಬು ನೀರು ಸಗಿಯೊನ ಮುಖಕ್ಕೆ ಬಂದು ಬಿತ್ತು.

"ನಾನು ಅಜ್ಜೀ, ಸಗಿಯೊ! ಬೆಂಕಿಯಲ್ಲ, ಅಂಗಿ!"

"ಓ, ಆ ಅಂಗಿಯೋನು ನೀನೇನಾ? ಹೋಗ್ಲೇ ಆಚೆ! ನನ್ನ ಹೆಣ ಬೇಕಾದ್ರೆ ಎತ್ಕೊಂಡು ಹೋಗು, ಜೀವ ಇರೋವಾಗ ನಾನು ಈ ಹೊಸಿಲು ದಾಟೋಳಲ್ಲ!"

ಬಾಗಿಲು ಮುಚ್ಚಿತು. ಸಗಿಯೊ ಮೂಗಿನಿಂದ ನೀರು ತೊಟ್ಟಿಕ್ಕಿಸುತ್ತ ಬು ನಸ್ತಿತಿಗೆ ಫೋನು ಮಾಡಿದ. ಆಕೆ ಕೆಟ್ಟವಳಲ್ಲ, ಆದರೆ ನಿಯಮದವಳು.

"ಆಪರೇಷನ್ ಆದ್ಮೇಲೆ ಒಂದು ತಿಂಗಳು ಕಣ್ಣಿಗೆ ಔಷಧಿ ಬಿಡೋರು, ಬೇಯಿಸಿ ಹಾಕೋರು ಬೇಕು ಪಾಕ್. ಅವ್ರಿಗೆ ಯಾರಿದ್ದಾರೆ?"

"ಯಾರೂ ಇಲ್ಲ, ಬು."

"ಹಾಗಿದ್ರೆ ಆಶ್ರಮಕ್ಕೇ ಕಳಿಸ್ಬೇಕಾಗತ್ತೆ."

ಅಜ್ಜಿಯ ಹೆದರಿಕೆ ಸುಳ್ಳಲ್ಲ ಎಂದು ಸಗಿಯೊಗೆ ಆಗ ತಿಳಿಯಿತು. ಗಾಡಿ ಹತ್ತದಿದ್ದರೆ ಕಣ್ಣು ಹೋಗುತ್ತದೆ, ಹತ್ತಿದರೆ ಮನೆ ಹೋಗುತ್ತದೆ. ಈ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾದರೂ ಮಾಡಬೇಕಾಗುತ್ತದಲ್ಲ ಎಂದು ಹೆದರಿದ.

ಬುಧವಾರ ಬಂತು. ಕೇರಿಯ ಮುಖಂಡರು ಮದುವೆಗೆಂದು ಬೇರೆ ಊರಿಗೆ ಹೋಗಿದ್ದರು. ಹೋಗುವಾಗ, "ಗಾಡಿ ಕಂಡ ತಕ್ಷಣ ಕಾವಲುಕಟ್ಟೆಯ ಕೆಂತೊಂಗನ್ ಬಾರಿಸು, ಜನ ಸೇರ್ತಾರೆ. ಎಲ್ಲರೂ ಒಟ್ಟಿಗೆ ಹೋಗಿ ಅಜ್ಜೀನ ಒಪ್ಪಿಸಿ," ಎಂದಿದ್ದರು.

ಕೆಂತೊಂಗನ್ ಎಂದರೆ ತೂಗುಹಾಕಿದ ಪೊಳ್ಳು ಮರದ ತುಂಡು. ಅದನ್ನು ಬಾರಿಸುವುದಕ್ಕೂ ಒಂದು ಲೆಕ್ಕಾಚಾರವಿದೆ. ಕಳ್ಳ ಬಂದರೆ ಒಂದು ಬಗೆ, ಬೆಂಕಿ ಬಿದ್ದರೆ ಒಂದು ಬಗೆ, ಹೊಳೆ ಉಕ್ಕಿದರೆ ಇನ್ನೊಂದು. ಸಭೆ ಕರೆಯುವುದಕ್ಕೆ ಚುರುಕಾಗಿ, ಸಾಲುಗಟ್ಟಿ ಬಾರಿಸಬೇಕು. ಇಡೀ ಜೀವಮಾನ ರಾತ್ರಿ ಕಾವಲಿಗೆ ಹೋಗಿಯೂ ಸಗಿಯೊ ಅದನ್ನು ಮುಟ್ಟಿದವನಲ್ಲ. ಅದರ ಸದ್ದಿಗೇ ಹೆದರುತ್ತಿದ್ದ.

ಹೊಳೆಯಾಚೆ ರಸ್ತೆಯಲ್ಲಿ ಬಿಳಿ ಗಾಡಿ ನಿಂತದ್ದು ಕಂಡಿತು. ಸಗಿಯೊ ಕೋಲು ಎತ್ತಿಕೊಂಡ. ಚುರುಕಾಗಿ ಬಾರಿಸಬೇಕೆಂದು ನೆನಪಿತ್ತು, ಆದರೆ ಕೈ ನಡುಗುತ್ತಿತ್ತು. ಒಂದು ಏಟು ಹೊಡೆದ. ಕೋಲು ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡು ಇನ್ನೊಂದು ಏಟು ಹೊಡೆದ. ಮತ್ತೆ ಜಾರಿತು.

ಟೊಕ್... ಟೊಕ್... ಟೊಕ್...

ಹೀಗೆ ತಡೆತಡೆದು ಒಂಟಿ ಏಟು ಬಿದ್ದರೆ ಕಾಲಿಜಾಂಬೆಯಲ್ಲಿ ಅದಕ್ಕೆ ಒಂದೇ ಅರ್ಥ. ಯಾರೋ ಸತ್ತಿದ್ದಾರೆ.

ಕೇರಿ ಸ್ತಬ್ಧವಾಯಿತು. ಒಲೆಯ ಮೇಲಿನ ಬಾಣಲೆ ಇಳಿಯಿತು, ರೇಡಿಯೊ ಬಾಯಿ ಮುಚ್ಚಿತು. ಮೊದಲು ಓಡಿಬಂದವಳು ತುಮಿನಿ. ಅವಳ ಕೈಗೆ ಸೋಯಾ ಸಿಪ್ಪೆ ಅಂಟಿಕೊಂಡಿತ್ತು. ಹೆಂಡತಿಯನ್ನು ಕಂಡದ್ದೇ ಸಗಿಯೊನ ನಾಲಿಗೆ ತೊಡರಿತು.

"ಯಾರ್ರೀ? ಯಾರು?"

"ರೆಬಿ ಅಜ್ಜಿ!"

"ಅಯ್ಯೋ ದೇವ್ರೇ! ಏನಾಯ್ತು?"

"ಕಣ್ಣು ಮುಚ್ಚಿಹೋಯ್ತು ಕಣೇ. ಡಾಕ್ಟ್ರು ಮೊದ್ಲೇ ಹೇಳಿದ್ರು, ಇನ್ನು ಹೆಚ್ಚು ದಿನ ಇಲ್ಲ ಅಂತ."

"ಪಕ್ಕದಲ್ಲಿ ಯಾರೂ ಇರ್ಲಿಲ್ವಾ?"

"ಯಾರಿದ್ದಾರೆ ಅವಳಿಗೆ? ಗಾಡಿ ಬಂದು ನಿಂತಿದೆ, ಇವತ್ತೇ ಕಳಿಸಿಕೊಡ್ಬೇಕು. ಬೇಗ ಹೆಂಗಸರನ್ನ ಕರ್ಕೊಂಡು ಹೋಗಿ ಸ್ನಾನ ಮಾಡ್ಸು, ಒಗೆದ ಬಟ್ಟೆ ಉಡ್ಸು. ಮಸೀದಿಯ ಮೊದಿನ್‌ಗೂ ಹೇಳು, ಅವ್ರು ಬಂದು ನಾಲ್ಕು ಮಾತು ಹೇಳಿದ್ರೆ ಅಜ್ಜಿ ಹಟ ಮಾಡದೆ ಹೊರಡ್ತಾಳೆ!"

ಸತ್ತವಳು ಹಟ ಮಾಡುವುದು ಹೇಗೆಂದು ತುಮಿನಿ ಯೋಚಿಸಬಹುದಿತ್ತು. ಆದರೆ ಗಂಡ ಅರ್ಥವಿಲ್ಲದ್ದು ಹೇಳುವುದು ಅವಳಿಗೆ ಹೊಸತಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಓಡಿದಳು. ಸಗಿಯೊ, ಕೆಲಸ ಎಷ್ಟು ಸಲೀಸಾಗಿ ಆಯಿತೆಂದು ತನಗೆ ತಾನೇ ಬೆರಗಾಗುತ್ತ, ಬು ನಸ್ತಿತಿಯನ್ನು ಕರೆತರಲು ಸೇತುವೆಯ ಕಡೆ ಹೊರಟ.

ಸೇತುವೆಯನ್ನು ಹೋಗುವಾಗಲೂ ಬರುವಾಗಲೂ ಅಂಬೆಗಾಲಿನಲ್ಲಿ ದಾಟಿದ್ದರಿಂದ ಕೇರಿಗೆ ಬೇಕಾದಷ್ಟು ಸಮಯ ಸಿಕ್ಕಿತು. ಸಾವಿನ ವಿಷಯದಲ್ಲಿ ಕಾಲಿಜಾಂಬೆಯವರನ್ನು ಮೀರಿಸುವವರಿಲ್ಲ. ಗಂಡಸರು ಚಟ್ಟಕ್ಕೆ ಬಿದಿರು ಕಡಿದರು. ನಾಲ್ಕು ಜನ ಗುದ್ದಲಿ ಹಿಡಿದು ಗೋರಿಗುಡ್ಡ ಹತ್ತಿದರು. ಹೆಂಗಸರು ಬೋಗುಣಿಗಳಲ್ಲಿ ಅಕ್ಕಿ ತುಂಬಿಕೊಂಡು ಸಾಲಾಗಿ ಹೊರಟರು. ಬದುಕಿದ್ದಾಗ ಅಜ್ಜಿಯ ಮನೆಗೆ ಒಂದು ಹಿಡಿ ಅಕ್ಕಿ ಹೋಗದಿದ್ದ ಓಣಿಯಲ್ಲಿ ಈಗ ಅಕ್ಕಿಯ ಮೆರವಣಿಗೆಯೇ ಹೊರಟಿತ್ತು.

ಸಗಿಯೊ ಬು ನಸ್ತಿತಿಯ ಜೊತೆ ಏದುಸಿರು ಬಿಡುತ್ತ ಬಂದಾಗ ಎದುರಿಗೆ ಬಿದಿರು ಹೊತ್ತ ನೆರೆಯವನೊಬ್ಬ ಸಿಕ್ಕಿದ.

"ಏನಿದು?" ಎಂದ ಸಗಿಯೊ.

"ಗೊತ್ತಿಲ್ವಾ ಪಾಕ್? ರೆಬಿ ಅಜ್ಜಿ ಹೋಗ್ಬಿಟ್ಳು."

ಸಗಿಯೊ ಧೊಪ್ಪನೆ ದಾರಿಯಲ್ಲೇ ಕುಳಿತ. "ಹೋದ್ಲಾ? ಅಯ್ಯೋ! ನಾನು ಸೇತುವೆ ಮೇಲೆ ತಡ ಮಾಡಿದೆ! ಯಾರು ಹೇಳಿದ್ರು?"

"ನಿಮ್ಮ ಹೆಂಡತೀನೇ ಹೇಳಿದ್ರಲ್ಲ."

ತುಮಿನಿ ಹೇಳಿದಳೆಂದ ಮೇಲೆ ಅನುಮಾನಪಡುವ ಅಭ್ಯಾಸ ಸಗಿಯೊಗಿರಲಿಲ್ಲ. ತುಮಿನಿಗೆ ಯಾರು ಹೇಳಿದರೆಂದು ಅವನು ಕೇಳಲಿಲ್ಲ. ಲೋಕದ ಅನೇಕ ದೊಡ್ಡ ಸುದ್ದಿಗಳು ಹೀಗೆಯೇ ಒಂದು ಸುತ್ತು ಹಾಕಿ ಹುಟ್ಟಿಸಿದವನ ಕಿವಿಗೇ ಬಂದು ಸತ್ಯವಾಗುತ್ತವೆ. ಅವನ ಎದೆಯಲ್ಲಿ ಇನ್ನೊಂದು ಭಯ ಎದ್ದಿತು. ಅಜ್ಜಿ ಸತ್ತದ್ದು ಹೆದರಿಕೆಯಿಂದ, ಆ ಹೆದರಿಕೆ ಹುಟ್ಟಿಸಿದ್ದು ಈ ಅಂಗಿ. ಸೋಮವಾರದ ಕಿರುಚಾಟದಲ್ಲೇ ಅವಳ ಎದೆ ಒಡೆದಿರಬೇಕು. ಅಂದರೆ ಕೊಂದವನು ತಾನೇ.

"ಬು, ನೀವು ನೇರ ನಡೀರಿ. ನಾನು ಹಿಂದಿನ ದಾರೀಲಿ ಬರ್ತೀನಿ," ಎಂದ. ಹೆಣದ ಎದುರು ನಿಲ್ಲುವ ಧೈರ್ಯ ಅವನಿಗಿರಲಿಲ್ಲ.

ಹಿಂದಿನ ದಾರಿ ಬಾಳೆತೋಟದ ನಡುವೆ ಹೋಗುತ್ತದೆ. ಹಾಡುಹಗಲಾದರೂ ಅಲ್ಲಿ ಮಬ್ಬು. ಸಗಿಯೊ ಕಣ್ಣು ಅರ್ಧ ಮುಚ್ಚಿಕೊಂಡು, ಬಾಯಲ್ಲಿ ದುವಾ ಹೇಳಿಕೊಳ್ಳುತ್ತ, ಗಾಬರಿಯಲ್ಲಿ ದುವಾದ ನಡುವೆ ತೆಂಪೆಯ ಬೆಲೆಯನ್ನೂ ಸೇರಿಸುತ್ತ ನಡೆದ. ಒಣಗಿದ ಎಲೆ ಸರಸರ ಎಂದಿತು. ತಲೆ ಎತ್ತಿ ನೋಡಿದರೆ ಎದುರಿಗೆ ರೆಬಿ ಅಜ್ಜಿ! ತಲೆಗೆ ಬಿಳಿ ವಸ್ತ್ರ ಹೊದ್ದು, ಕೈಯಲ್ಲಿ ಒಂದು ಬಟ್ಟಲು ಹಿಡಿದು, ತಡವರಿಸುತ್ತ ಅವನ ಕಡೆಗೇ ಬರುತ್ತಿದ್ದಳು.

ಸಗಿಯೊಗೆ ಜೀವ ಬಾಯಿಗೆ ಬಂತು. ಪಕ್ಕದ ಬಾಳೆಗಿಡವನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ಯಾರಪ್ಪಾ ಅದು ನಿಂತಿರೋದು?" ಎಂದಳು ಅಜ್ಜಿ. "ಕೆಂತೊಂಗನ್ ಕೇಳಿ ಹೊರಟೆ. ಸತ್ತೋರ ಮನೆಗೆ ಬರಿಗೈಲಿ ಹೋಗಬಾರ್ದು ಅಂತ ಇದ್ದ ಅಕ್ಕೀನ ತಂದಿದ್ದೀನಿ. ಯಾರು ಹೋದೋರು?"

"ನೀವೇ ಅಜ್ಜಿ," ಎಂದ ಸಗಿಯೊ, ಅಳುತ್ತ.

"ನಾನಾ?"

"ಹೂಂ."

"ಯಾವಾಗ್ಲೇ?"

"ಈಗ್ತಾನೆ."

ಅಜ್ಜಿ ಕೊಂಚ ಯೋಚಿಸಿದಳು. "ಬೆಳಿಗ್ಗೆಯಿಂದ ಸೊಂಟ ನೋಯ್ತಿತ್ತು ನಿಜ. ಆದ್ರೆ ಇಷ್ಟಾಗಿದೆ ಅಂತ ಗೊತ್ತಾಗ್ಲಿಲ್ಲ ನೋಡು."

"ನನ್ನ ಕ್ಷಮಿಸ್ಬಿಡಿ ಅಜ್ಜಿ, ನನ್ನ ಹಿಡ್ಕೋಬೇಡಿ! ಈ ಅಂಗಿ ನನ್ನದಲ್ಲ, ಸರ್ಕಾರದ್ದು!"

ಅಜ್ಜಿ ಕೈ ಚಾಚಿ ಅವನ ತಲೆ ಹಿಡಿದಳು. ಬೆರಳುಗಳು ಬೆಚ್ಚಗಿದ್ದವು. ನೆತ್ತಿಯ ಮೇಲೆಲ್ಲ ಓಡಾಡಿ ಎಡಗಿವಿಯ ಮೇಲೆ ನಿಂತವು.

"ಸಗಿಯೊ ಅಲ್ವೇನೋ? ಹುಟ್ಟಿದಾಗ ನಿನ್ನ ತಲೆ ಕುಂಬಳಕಾಯಿ ಹಾಗೆ ಸೊಟ್ಟಗಿತ್ತು. ತಿಂಗಳಾನುಗಟ್ಟಲೆ ನೀವಿ ದುಂಡಗೆ ಮಾಡ್ದೋಳು ನಾನು. ಒಳಗಡೆ ಏನೂ ಮಾಡೋಕಾಗ್ಲಿಲ್ಲ. ನಡಿಯೋ, ನನ್ನ ಸಾವಿಗೆ ಯಾರ್ಯಾರು ಬಂದಿದ್ದಾರೆ ನೋಡೋಣ."

ದೆವ್ವ ಇಷ್ಟು ಬೈಯುವುದಿಲ್ಲವೆಂದು ಸಗಿಯೊಗೆ ಖಾತ್ರಿಯಾಯಿತು. ಆದರೆ ಒಂದು ಭಯ ಹೋದ ಜಾಗದಲ್ಲಿ ಇನ್ನೊಂದು ಬಂದು ಕುಳಿತಿತು. ಅಜ್ಜಿ ಸತ್ತಿಲ್ಲವೆಂದರೆ, ಸತ್ತಳೆಂದು ಸಾರಿದವನು ಯಾರು? ಒಂಟಿ ಏಟು ಈಗ ಅವನ ಕಿವಿಯಲ್ಲಿ ಮತ್ತೆ ಕೇಳಿಸಿತು. ಟೊಕ್... ಟೊಕ್...

ಅಜ್ಜಿಯ ಅಂಗಳದಲ್ಲಿ ಇಡೀ ಕೇರಿ ಸೇರಿತ್ತು. ಒಳಗೆ ಮಾತ್ರ ಯಾರೂ ಹೋಗಿರಲಿಲ್ಲ. ಮೊದಲು ಗಂಡಸರು ಬಾಗಿಲು ತೆಗೆಯಲಿ ಎಂದು ಹೆಂಗಸರು, ಹೆಣ್ಣು ಹೆಣವಿರುವ ಮನೆಗೆ ಮೊದಲು ಹೆಂಗಸರು ಹೋಗಲಿ ಎಂದು ಗಂಡಸರು ವಾದಿಸುತ್ತ ನಿಂತಿದ್ದರು. ಹೆಣ ತೊಳೆಸಿ ಮಣ್ಣು ಮಾಡಿಸುವ ಮೊದಿನ್ ಕಸ್ಬುಲ್ಲಾಗೆ ಮಧ್ಯಾಹ್ನ ಮದುವೆ ಊಟವಿತ್ತು. ಕಾದು ಸಾಕಾಗಿ, ಹೆಣ ಹೊರಡುವಾಗ ಕೇಳಬೇಕಾದ್ದನ್ನು ಅವರು ಈಗಲೇ ಕೇಳಿಬಿಟ್ಟರು.

"ನೆರೆದವರೇ, ತೀರಿಕೊಂಡ ರೆಬಿ ಅಜ್ಜಿ ಒಳ್ಳೆಯವಳಾಗಿದ್ದಳೇ?"

"ಒಳ್ಳೆಯವಳು!" ಎಂದರು ಜನ.

"ಒಳ್ಳೆಯವಳಾಗಿದ್ದಳೇ?"

"ಒಳ್ಳೆಯವಳು!" ತುಮಿನಿ ಬಿಕ್ಕಿದಳು. "ನನ್ನ ಮೂರೂ ಮಕ್ಕಳನ್ನ ನೀವಿ ಬೆಳೆಸಿದ ಕೈ ಅದು!"

"ಒಳ್ಳೆಯವಳಾಗಿದ್ದಳೇ?"

"ಅಷ್ಟೊಂದು ಒಳ್ಳೆಯವಳಾಗಿದ್ರೆ," ಎಂದಿತು ಹಿಂದಿನಿಂದ ಒಂದು ಧ್ವನಿ, "ಸೀರೆಗೆ ಬೆಂಕಿ ಹತ್ತಿದ ದಿನ ಒಬ್ರಾದ್ರೂ ಯಾಕೆ ಬಂದು ನೋಡ್ಲಿಲ್ಲ?"

ಜನ ತಿರುಗಿ ನೋಡಿದರು. ಆಮೇಲೆ ನಡೆದದ್ದನ್ನು ಗೌರವಸ್ಥರ ಬಗ್ಗೆ ಬರೆಯಬಾರದು. ಅಕ್ಕಿಯ ಬೋಗುಣಿಗಳು ಹಾರಿದವು. ಚಟ್ಟ ಕಟ್ಟುತ್ತಿದ್ದವನು ಚಟ್ಟದೊಳಗೇ ಬಿದ್ದ. ಮೊದಿನ್ ಕಸ್ಬುಲ್ಲಾ ಸೀಬೆಮರ ಹತ್ತಿದರು. ಓಡದೆ ನಿಂತವರು ಇಬ್ಬರೇ. ಬು ನಸ್ತಿತಿಗೆ ಅಜ್ಜಿಯ ಮುಖದ ಗುರುತಿರಲಿಲ್ಲ, ತುಮಿನಿಗೆ ಗಂಡನ ಮುಖ ಕಂಡ ಕೂಡಲೇ ವಿಷಯವೆಲ್ಲ ಗೊತ್ತಾಗಿಬಿಟ್ಟಿತ್ತು.

"ರೀ," ಎಂದಳು ತುಮಿನಿ, ಬಹಳ ಮೆಲ್ಲಗೆ. "ಕೆಂತೊಂಗನ್ ಹೇಗೆ ಬಾರಿಸಿದ್ರಿ?"

ಸಗಿಯೊ ಸೀಬೆಮರದಲ್ಲಿ ಇನ್ನೊಬ್ಬರಿಗೆ ಜಾಗವಿದೆಯೇ ಎಂದು ನೋಡುತ್ತಿದ್ದ.

ನಿಜ ಗೊತ್ತಾದ ಮೇಲೆ ಜನ ಒಬ್ಬೊಬ್ಬರಾಗಿ ಬೇಲಿಯ ಹಿಂದಿನಿಂದ ಹೊರಬಂದರು. ಮೊದಲು ಸಗಿಯೊನನ್ನು ಬೈದರು. ಬೈದು ಮುಗಿದ ಮೇಲೆ ಅಜ್ಜಿ ಕೇಳಿದ ಪ್ರಶ್ನೆ ಅಂಗಳದಲ್ಲಿ ಹಾಗೆಯೇ ಉಳಿದಿತ್ತು.

ಬು ನಸ್ತಿತಿ ಮುಂದೆ ಬಂದಳು. "ಅಜ್ಜಿ, ಗಾಡಿ ಕಾಯ್ತಿದೆ. ಬನ್ನಿ, ಕಣ್ಣು ಬರುತ್ತೆ."

"ಕಣ್ಣು ಬರುತ್ತೆ. ಆಮೇಲೆ ನಾನು ಎಲ್ಲಿಗೆ ಬರ್ತೀನಿ?"

ಬು ನಸ್ತಿತಿ ಸುಳ್ಳು ಹೇಳಲಿಲ್ಲ. "ನೋಡ್ಕೊಳ್ಳೋರಿದ್ರೆ ಮನೆಗೆ. ಇಲ್ದಿದ್ರೆ ಆಶ್ರಮಕ್ಕೆ."

ಅಜ್ಜಿ ಅಕ್ಕಿಯ ಬಟ್ಟಲನ್ನು ಎದೆಗೊತ್ತಿಕೊಂಡಳು. ಸೋಮವಾರ ಬೈದು ನೀರೆರಚಿದ ಹೆಂಗಸು ಅವಳಲ್ಲವೇನೋ ಎನ್ನುವಷ್ಟು ಕುಗ್ಗಿದವಳಾಗಿ ಕಂಡಳು. "ಹಾಗಿದ್ರೆ ಕತ್ತಲೇನೇ ಇರ್ಲಿ ತಾಯಿ. ಕತ್ತಲಲ್ಲೂ ನನ್ನ ಬಾವಿ ಎಲ್ಲಿದೆ ಅಂತ ನನಗೆ ಗೊತ್ತು. ಅಲ್ಲಿ ಬೆಳಕಿದ್ರೂ ಯಾವುದೂ ಗೊತ್ತಿರಲ್ಲ."

ಮರದ ಮೇಲಿದ್ದ ಮೊದಿನ್‌ಗೆ ಏನಾದರೂ ಹೇಳಬೇಕೆನಿಸಿತು. ಇಂಥ ಜನಜಂಗುಳಿಯಲ್ಲಿ ಅವರಿಗೆ ಬರುತ್ತಿದ್ದದ್ದು ಒಂದೇ ಪಾಠ. ಹೆಣದ ಎದುರು ಕೇಳುವ ಎರಡನೆಯ ಪ್ರಶ್ನೆಯನ್ನು ಅಭ್ಯಾಸಬಲದಿಂದ ಕೇಳಿದರು.

"ರೆಬಿ ಅಜ್ಜಿಯ ಋಣವೇನಾದರೂ ಉಳಿದಿದ್ದರೆ, ಅದನ್ನು ಹೊರುವ ವಾರಸುದಾರರು ಯಾರು?"

ಒಂದು ಕೈ ಮೇಲೆದ್ದಿತು. ಯಾರದಪ್ಪಾ ಇಷ್ಟು ಧೈರ್ಯದ ಕೈ ಎಂದು ಸಗಿಯೊ ಅತ್ತ ನೋಡಿದರೆ, ಅದು ಕಿತ್ತಳೆ ಅಂಗಿಯೊಳಗಿನಿಂದಲೇ ಎದ್ದಿತ್ತು. ಇಳಿಸೋಣವೆಂದರೆ ಇಳಿಯಲಿಲ್ಲ. ಅವನು ಹುಟ್ಟಿದಾಗಿನಿಂದ ಹೆದರಿದ್ದೆಲ್ಲ ಒಟ್ಟಾಗಿ ಆ ಕ್ಷಣ ಅವನ ಮೇಲೆ ಬಿತ್ತು. ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

ತುಮಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಬೇಯಿಸಿ ಹಾಕೋಳು ನಾನು. ಕೈ ಎತ್ತೋಕೆ ಮುಂಚೆ ನನ್ನ ಕೇಳಿದ್ರಾ?"

"ಇ... ಇಲ್ಲ."

"ನಾಚಿಕೆಯಾಗ್ಬೇಕು. ಎತ್ತೋದು ಎತ್ತಿದ್ರಿ, ಅದೇನು ಆ ಮುರುಕು ಕೈ? ನೆಟ್ಟಗೆ ಎತ್ತಿ!" ಎಂದು ಅವಳೇ ಬಂದು ಅವನ ಮೊಣಕೈ ನೆಟ್ಟಗೆ ಮಾಡಿದಳು.

ಆಮೇಲೆ ಬೇರೆಯವರಿಗೂ ಮಾತು ಬಂತು. ಔಷಧಿ ತಾವು ಬಿಡುತ್ತೇವೆಂದರು, ನೀರು ಸೇದಿಕೊಡುತ್ತೇವೆಂದರು. ಚೆಲ್ಲಿದ ಅಕ್ಕಿಯನ್ನು ಬಾಚಿ ಅಜ್ಜಿಯ ಮಡಕೆಗೇ ತುಂಬಿದರು, ಕಲ್ಲು ಸಮೇತ. ಬು ನಸ್ತಿತಿ ಸುತ್ತ ನೋಡಿ, "ಯಾರೂ ಇಲ್ಲ ಅಂದ್ರಲ್ಲ ಪಾಕ್ ಸಗಿಯೊ?" ಎಂದಳು.

"ಆಗ ಇರ್ಲಿಲ್ಲ, ಬು," ಎಂದ ಸಗಿಯೊ. ಅದು ನಿಜವೇ ಆಗಿತ್ತು.

ಅಜ್ಜಿ ತುಮಿನಿಯ ತೋಳು ಹಿಡಿದು ಗಾಡಿಯ ಕಡೆ ಹೊರಟಳು. ಅಷ್ಟರಲ್ಲಿ ಗೋರಿಗುಡ್ಡದಿಂದ ನಾಲ್ಕು ಜನ ಬೆವರೊರೆಸಿಕೊಳ್ಳುತ್ತ ಬಂದರು. "ಗುಂಡಿ ರೆಡಿ. ಹೆಣ ಎಲ್ಲಿ?"

ತೋಡಿದ ಗುಂಡಿಯನ್ನು ಖಾಲಿ ಬಿಟ್ಟರೆ ಅದು ತಾನೇ ಒಬ್ಬರನ್ನು ಕರೆದುಕೊಳ್ಳುತ್ತದೆಂದು ಕಾಲಿಜಾಂಬೆಯಲ್ಲಿ ಎಲ್ಲರಿಗೂ ಗೊತ್ತು. ಜನ ನಿಧಾನವಾಗಿ, ಒಬ್ಬರಾದ ಮೇಲೊಬ್ಬರು, ಸಗಿಯೊನ ಕಡೆ ತಿರುಗಿದರು. ಅವನ ಎತ್ತರವನ್ನು ಕಣ್ಣಲ್ಲೇ ಅಳೆದರು.

"ಬಾಳೆದಿಂಡು!" ಎಂದು ಸಗಿಯೊ ಚೀರಿದ. "ಹಿರೀಕರು ಬಾಳೆದಿಂಡು ಹೂಳ್ತಿದ್ರು!"

"ಬರೀ ದಿಂಡು ಸಾಲದು," ಎಂದರು ಮೊದಿನ್, ಮರದಿಂದ ಇಳಿಯುತ್ತ. "ಗುಂಡಿಗೆ ಮನುಷ್ಯನೇ ಅಂತ ಅನ್ನಿಸ್ಬೇಕು. ಏನಾದ್ರೂ ತೊಡಿಸಿ."

ಸಗಿಯೊ ತಾನಾಗಿಯೇ ಕಿತ್ತಳೆ ಅಂಗಿ ಕಳಚಿದ. ದಪ್ಪ ದಿಂಡಿಗೆ ಅದು ಅಳತೆ ತೆಗೆದು ಹೊಲಿಸಿದಂತೆ ಕೂತಿತು. 'ಸಮಾಜ ಸಹಾಯಕ' ಎಂಬ ಅಕ್ಷರಗಳು ಮೊದಲ ಸಲ ಪೂರ್ತಿಯಾಗಿ ಕಂಡವು.

ಅಜ್ಜಿ ಪಟ್ಟಣದಿಂದ ತನ್ನ ಮನೆಗೇ ಬಂದಳು. ಪಟ್ಟಿ ಬಿಚ್ಚಿದ ಮೇಲೆ ಅವಳು ಮೊದಲು ಬಾವಿ ನೋಡಿದಳು, ಆಮೇಲೆ ತನ್ನ ಗೋರಿ ನೋಡಬೇಕೆಂದು ಹಟ ಹಿಡಿದಳು. ಗೋರಿಗುಡ್ಡವೆಂದರೆ ಹೆದರಿಕೆಯಾದರೂ ಸಗಿಯೊ ಕೈಹಿಡಿದು ಕರೆದೊಯ್ದ. ಬರಿಯ ಹಳೇ ಅಂಗಿಯಲ್ಲಿ ಹೊರಟಿದ್ದ ಅವನನ್ನು ದಾರಿಯುದ್ದಕ್ಕೂ ತೆರೆದ ಬಾಗಿಲುಗಳಿಂದ ಜನ ಮಾತಾಡಿಸಿದರು. ಒಬ್ಬಳು ತನ್ನ ಗಂಡನ ಕೆಮ್ಮಿನ ವಿಷಯ ಹೇಳಿ ಯಾವ ಕಚೇರಿಗೆ ಹೋಗಬೇಕೆಂದು ಕೇಳಿದಳು.

ಮಣ್ಣಿನ ದಿಬ್ಬದ ಎದುರು ಅಜ್ಜಿ ಬಹಳ ಹೊತ್ತು ನಿಂತಳು. ಆಮೇಲೆ ತಿರುಗಿ ಸಗಿಯೊನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಷ್ಟೇ ಇಷ್ಟು ಇದ್ದೀಯಲ್ಲೋ! ಬಾಗಿಲಲ್ಲಿ ನಿಂತಾಗ ಎಷ್ಟು ದೊಡ್ಡೋನ ಹಾಗೆ ಕಾಣಿಸ್ತಿದ್ದೆ! ಎಷ್ಟು ಹೆದರಿದ್ದೆ ನಾನು!"

"ನಾನೂ ಹೆದರಿದ್ದೆ ಅಜ್ಜಿ."

"ತಲೆ ಇನ್ನೂ ಒಂಚೂರು ಸೊಟ್ಟಗೇ ಇದೆ," ಎಂದು ಅವಳು ದಿಬ್ಬದ ಕಡೆ ತಿರುಗಿ, ಮೊದಿನ್‌ನ ಧ್ವನಿಯಲ್ಲಿ ಕೇಳಿದಳು. "ಇಲ್ಲಿ ಮಲಗಿರೋ ಅಂಗಿ ಒಳ್ಳೆಯದಾಗಿತ್ತೇ?"

ಸಗಿಯೊ ದಿಬ್ಬದ ಮೇಲಿನ ಒಣ ಎಲೆಯೊಂದನ್ನು ಹೆಕ್ಕಿ ಬಿಸಾಡಿದ.

"ಒಳ್ಳೇದೇ ಇತ್ತು ಅಜ್ಜಿ," ಎಂದ. "ನನಗೆ ಸ್ವಲ್ಪ ದೊಡ್ಡದಾಗಿತ್ತು, ಅಷ್ಟೇ."